ಮಕ್ಕಳ ಕೈಗೆ ಕತ್ತಿ ಕೊಟ್ಟದ್ದು ತಪ್ಪಾಯಿತಾ?

ಪ್ರಶ್ನೆ: ನಾನು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಎರಡು ವರ್ಷದಿಂದ ಕಾಡಿನಲ್ಲಿ ಬದುಕುವ ಕೌಶಲ ಹೇಳಿಕೊಡುವ ಬುಷ್‌ಕ್ರಾಫ್ಟ್ ವಿಡಿಯೊಗಳನ್ನು ನೋಡಿ ಆಸೆ ಹುಟ್ಟಿತು. ಒಂದು ಚಾಕು, ಕಿಡಿ ಹಾರಿಸುವ ಫೆರೋ ರಾಡ್, ಟಾರ್ಪಾಲು ತರಿಸಿಕೊಂಡು ಮನೆಯ ಹಿತ್ತಲಲ್ಲೇ ಅಭ್ಯಾಸ ಮಾಡಿದೆ. ಜೂನ್ ಕೊನೆಯ ಒಂದು ಶನಿವಾರ ಶಾಲೆಯ ಹಿಂದಿನ ತೋಪಿನಲ್ಲಿ ಒಂಬತ್ತನೇ ತರಗತಿಯ 18 ಮಕ್ಕಳಿಗೆ ಪಾಠ ಶುರು ಮಾಡಿದೆ. ಕೋಲು ಹೆರೆಯುವಾಗ ಒಬ್ಬ ಹುಡುಗ ಎಡಗೈ ಹೆಬ್ಬೆರಳು ಕೊಯ್ದುಕೊಂಡ. ಮೂರು ಹೊಲಿಗೆ ಬಿತ್ತು. ಅವನ ಪಕ್ಕದಲ್ಲೇ ಕೂತಿದ್ದ ಇನ್ನೊಬ್ಬ ಮನೆಯಲ್ಲಿ ದಿನಾ ಕತ್ತಿ ಹಿಡಿಯುವವನು, ಅವನಿಗೆ ಏನೂ ಆಗಲಿಲ್ಲ. ಒಂದು ಗಂಟೆ ಒದ್ದಾಡಿದರೂ ಬೆಂಕಿ ಹೊತ್ತಲಿಲ್ಲ. ಹೆಡ್‌ಮಾಸ್ಟರು ಎಲ್ಲ ನಿಲ್ಲಿಸಿ ಎಂದಿದ್ದಾರೆ. ಹುಡುಗನ ತಾಯಿ ನನ್ನ ಜೊತೆ ಮಾತಾಡುತ್ತಿಲ್ಲ. ಡಿಸೆಂಬರ್‌ನಲ್ಲಿ ಮಕ್ಕಳನ್ನು ಎರಡು ರಾತ್ರಿ ಕಾಡಿಗೆ ಕರೆದುಕೊಂಡು ಹೋಗಿ, ತರಗೆಲೆಯ ಗೂಡು ಕಟ್ಟಿಸಿ, ಕಾಡಿನ ಸೊಪ್ಪು ಬೇಯಿಸಿ ತಿನ್ನಿಸಬೇಕು ಅಂತ ಕನಸು ಕಂಡಿದ್ದೆ. ನಾನು ಇದನ್ನು ಕಲಿಸುವ ಯೋಗ್ಯತೆ ಇರುವವಳಾ? ಸರ್ಟಿಫಿಕೇಟ್ ಬೇಕಾ? ಮಕ್ಕಳಿಗೆ ಕತ್ತಿ ಕೊಡುವುದೇ ತಪ್ಪಾ?

ಉತ್ತರ: ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮನ್ನು ಕೊರೆಯುತ್ತಿರುವುದು ಆ ಹೆಬ್ಬೆರಳು. ನನ್ನನ್ನು ಬೆಚ್ಚಿಬೀಳಿಸಿದ್ದು ನೀವು ಕನಸು ಅಂತ ಬರೆದ ಆ ಒಂದು ಸಾಲು: ಡಿಸೆಂಬರ್, ಕೊಪ್ಪದ ಕಾಡು, ತರಗೆಲೆಯ ಗೂಡು. ಹಾಗಾಗಿ ನೀವು ಕೇಳದೇ ಇರುವುದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಬೆರಳಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ತರಗೆಲೆಯನ್ನು ಒಂದು ತೋಳುದ್ದ ದಪ್ಪಕ್ಕೆ ರಾಶಿ ಹಾಕಿ ಅದರೊಳಗೆ ನುಸುಳಿ ಮಲಗುವುದನ್ನು ನೀವು ನೋಡಿದ ವಿಡಿಯೊಗಳಲ್ಲಿ ತೋರಿಸುತ್ತಾರೆ. ಅದು ಸುಳ್ಳಲ್ಲ. ರಾತ್ರಿ ನೀರು ಹೆಪ್ಪುಗಟ್ಟುವ ದೇಶಗಳಲ್ಲಿ ಅದೇ ಜೀವ ಉಳಿಸುತ್ತದೆ. ಎಲೆಗಳ ನಡುವೆ ನಿಂತ ಗಾಳಿ ಮೈಶಾಖವನ್ನು ಹಿಡಿದಿಡುತ್ತದೆ. ಆದರೆ ಅಲ್ಲಿ ಚಳಿಯೇ ಶತ್ರು. ನಮ್ಮ ಮಲೆನಾಡಿನಲ್ಲಿ ಚಳಿಗೆ ಒಂದು ಕಂಬಳಿ ಸಾಕು, ಅಪಾಯ ಇರುವುದು ಆ ಎಲೆಯ ಒಳಗೇ.

ಮಂಗನ ಕಾಯಿಲೆಯ ಹೆಸರು ನಿಮ್ಮ ಊರಿನಲ್ಲಿ ಕೇಳಿಯೇ ಇರುತ್ತೀರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ ಪತ್ತೆಯಾದ ವೈರಸ್ ಅದು. ಅದನ್ನು ಹರಡುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಉಣುಗಿನ ಮರಿಗಳು ರಾಗಿ ಕಾಳಿಗಿಂತ ದೊಡ್ಡವಲ್ಲ. ಮಳೆ ನಿಂತು ಕಾಡು ಒಣಗುತ್ತಾ ಬಂದ ಹಾಗೆ ಅವು ನೆಲದ ತರಗೆಲೆಯಲ್ಲಿ, ಕುರುಚಲು ಗಿಡಗಳಲ್ಲಿ ತುಂಬಿಕೊಳ್ಳುತ್ತವೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಯಿಲೆ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಸೊಪ್ಪು, ದರಗು ತರಲು ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಕೊಟ್ಟು, ಮೈಗೆ ಹಚ್ಚಿಕೊಂಡೇ ಹೋಗಿ ಅಂತ ಮನೆ ಮನೆಗೆ ಹೇಳಿ ಬರುತ್ತಾರೆ. ಅಂಥ ತಿಂಗಳಲ್ಲಿ, ಅಂಥ ಜಾಗದಲ್ಲಿ, 18 ಮಕ್ಕಳನ್ನು ತರಗೆಲೆಯೊಳಗೆ ಮಲಗಿಸುವುದು ಬೇಡವೇ ಬೇಡ. ಇದರಲ್ಲಿ ನಾನು ಎರಡನೇ ಮಾತಾಡುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಕಟ್ಟುಹಾವು ರಾತ್ರಿ ಓಡಾಡುವ ಹಾವು. ಅದು ಕಚ್ಚಿದರೆ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ. ನೆಲದ ಮೇಲೆ ಮಲಗಿದವರಿಗೇ ಅದರ ಕಡಿತ ಜಾಸ್ತಿ. ನಮ್ಮ ರೈತರು ಹಂದಿ ಕಾಯಲು ಗದ್ದೆಗೆ ಹೋದರೆ ನೆಲದ ಮೇಲೆ ಮಲಗುತ್ತಿದ್ದರಾ? ನಾಲ್ಕು ಗೂಟ ನೆಟ್ಟು ಮಾಳ ಕಟ್ಟಿ, ಆಳೆತ್ತರದ ಮೇಲೆ ಮಲಗುತ್ತಿದ್ದರು. ಈ ನೆಲದಲ್ಲಿ ರಾತ್ರಿ ಕಳೆಯುವುದಕ್ಕೆ ಈ ನೆಲದವರೇ ಕಂಡುಕೊಂಡ ಉಪಾಯ ಅದು. ಮಕ್ಕಳಿಗೆ ಗೂಡು ಕಟ್ಟುವುದನ್ನೇ ಕಲಿಸಬೇಕು ಅಂತಿದ್ದರೆ ಮಾಳ ಕಟ್ಟಿಸಿ. ಗಂಟು, ಅಳತೆ, ಭಾರ ಎಲ್ಲ ಅದರಲ್ಲೇ ಬರುತ್ತದೆ. ಮಲಗುವುದಕ್ಕೆ ಮಾತ್ರ ಶಾಲೆಯ ಕೊಠಡಿ ಅಥವಾ ತಳವನ್ನೂ ಸೇರಿಸಿ ಹೊಲಿದ, ಜಿಪ್ ಹಾಕುವ ಟೆಂಟ್ ಇರಲಿ.

ಈಗ ಬೆಂಕಿ. ನಿಮ್ಮ ಬೆಂಕಿ ಹೊತ್ತದೇ ಇದ್ದದ್ದಕ್ಕೆ ಫೆರೋ ರಾಡ್ ಕಾರಣ ಅಲ್ಲ, ನಿಮ್ಮ ಕೈಯೂ ಕಾರಣ ಅಲ್ಲ. ಕಿಡಿ ಎಷ್ಟು ಬಿಸಿಯಾಗಿದ್ದರೂ ಅದು ಬೀಳುವ ಜಾಗ ಒಣಗಿರಬೇಕು. ಜೂನ್ ಕೊನೆಗೆ ಕೊಪ್ಪದಲ್ಲಿ ಒಣಗಿದ್ದು ಅಂತ ಹೊರಗೆ ಏನಿರುತ್ತದೆ ಹೇಳಿ? ಗಾಳಿಯಲ್ಲೇ ನೀರಿರುತ್ತದೆ. ಬೆಳಿಗ್ಗೆ ಒಣಗಿದ್ದ ತೆಂಗಿನ ನಾರು ಮಧ್ಯಾಹ್ನಕ್ಕೆ ಮೆತ್ತಗಾಗಿರುತ್ತದೆ.

ಶಿಬಿರ ನಡೆಸುವ ಈ ಕೆಲಸಕ್ಕೆ ನಾನು ಬಂದ ಮೊದಲ ಮಳೆಗಾಲದಲ್ಲಿ ಸಕಲೇಶಪುರದ ಒಂದು ಕಾಫಿ ತೋಟದಲ್ಲಿ ಶಿಬಿರ ಇತ್ತು. ನನಗೂ ಬೆಂಕಿ ಹೊತ್ತಲಿಲ್ಲ. ತೋಟದ ವಯಸ್ಸಾದ ಮೇಸ್ತ್ರಿಯೊಬ್ಬರು ಕಂಬಳಿಕೊಪ್ಪೆ ಹಾಕಿಕೊಂಡು ದೂರದಲ್ಲಿ ನಿಂತು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಂದು ಮರದ ಹತ್ತಿರ ಹೋಗಿ, ಮರದಲ್ಲೇ ಒಣಗಿ ನಿಂತಿದ್ದ ಮಣಿಕಟ್ಟು ದಪ್ಪದ ಕೊಂಬೆಯೊಂದನ್ನು ಮುರಿದು ತಂದರು. ನೆಲದ ಮೇಲೆ ಬಿದ್ದಿದ್ದ ಒಂದು ಕಡ್ಡಿಯನ್ನೂ ಮುಟ್ಟಲಿಲ್ಲ. ಕೊಂಬೆಯನ್ನು ಮೊಳದುದ್ದ ತುಂಡು ಮಾಡಿ, ಕತ್ತಿಯಿಂದ ನಾಲ್ಕು ಸೀಳು ಮಾಡಿದರು. ಹೊರಗಿನ ಒದ್ದೆ ಸಿಪ್ಪೆಯನ್ನು ಕೆತ್ತಿ ಬಿಸಾಡಿದರು. ಒಳಗಿನ ತಿರುಳು ಬೆಳ್ಳಗೆ ಒಣಗಿತ್ತು. ಅದನ್ನು ಹೆರೆದು ಸುರುಳಿ ಸುರುಳಿ ಮಾಡಿ ಕಂಬಳಿಯೊಳಗೆ ಇಟ್ಟುಕೊಂಡರು. ಆಮೇಲೆ ನೆಲಕ್ಕೆ ಅಡಿಕೆ ಹಾಳೆ ಹಾಸಿದರು, ಹಸಿ ನೆಲದ ನೀರು ಮೇಲೆ ಬರದ ಹಾಗೆ. ಅದರ ಮೇಲೆ ಸುರುಳಿ, ಸುರುಳಿಯ ಮೇಲೆ ಬೆಂಕಿಕಡ್ಡಿ ದಪ್ಪದ ಪುಳ್ಳೆ, ಅದರ ಮೇಲೆ ಬೆರಳು ದಪ್ಪದ ಸೀಳು. ಗಾಳಿಗೆ ಬೆನ್ನು ಕೊಟ್ಟು ಕೂತು, ಕಂಬಳಿಯ ಮರೆಯಲ್ಲಿ ಬೆಂಕಿಪೊಟ್ಟಣ ತೆಗೆದರು. ಒಂದೇ ಕಡ್ಡಿ. ಅವರು ಕೊಂಬೆ ಮುರಿದಾಗಿನಿಂದ ಕಡ್ಡಿ ಗೀರುವವರೆಗೆ ಅರ್ಧ ಗಂಟೆ ಹಿಡಿದಿತ್ತು. ಹೊತ್ತಿಸಲು ಬೇಕಾದದ್ದು ಮೂರು ಸೆಕೆಂಡು.

ನಾನು ಗಂಟೆಗಟ್ಟಲೆ ಕಿಡಿ ಹಾರಿಸುವುದನ್ನು ಅಭ್ಯಾಸ ಮಾಡಿದ್ದೆ. ಅವರು ಕೊಂಬೆ ಆರಿಸುವುದನ್ನು ಬದುಕಿಡೀ ಮಾಡಿದ್ದರು. ನೀವು ಮಕ್ಕಳಿಗೆ ಕಲಿಸಬೇಕಾದ್ದು ಆ ಅರ್ಧ ಗಂಟೆಯನ್ನು. ಫೆರೋ ರಾಡ್ ಚೀಲದಲ್ಲಿ ಇರಲಿ, ಒದ್ದೆಯಾದರೂ ಕೆಲಸ ಮಾಡುವ ಒಳ್ಳೆಯ ಸಾಧನ ಅದು. ಆದರೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಬೆಂಕಿಪೊಟ್ಟಣ, ಒಂದು ಮೋಂಬತ್ತಿ ತುಂಡು ಇಟ್ಟುಕೊಳ್ಳುವುದು ಮೋಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬರಿಗೈಯಲ್ಲಿ ಕಾಡಿಗೆ ಹೋಗಿ ಗೆಲ್ಲುವುದೇ ಬುಷ್‌ಕ್ರಾಫ್ಟ್ ಅನ್ನುವುದು ಕ್ಯಾಮೆರಾ ಮುಂದಿನ ಮಾತು. ನಮ್ಮ ಹಿರಿಯರು ಸೊಂಟದ ಕೊಕ್ಕೆಯಲ್ಲಿ ಕತ್ತಿ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬುತ್ತಿ ಇಲ್ಲದೆ ಕಾಡಿಗೆ ಕಾಲಿಡುತ್ತಿರಲಿಲ್ಲ. ಮಳೆಗಾಲದ ಸೌದೆಯನ್ನು ಬೇಸಿಗೆಯಲ್ಲೇ ಕೊಟ್ಟಿಗೆಗೆ ಸೇರಿಸಿ, ನಾಳೆಯ ಪುಳ್ಳೆಯನ್ನು ಇವತ್ತೇ ಒಲೆ ಮೇಲಿನ ಅಟ್ಟಕ್ಕೆ ಹಾಕುವ ಅಜ್ಜಿಯಂದಿರು ನಿಮ್ಮ ಮಕ್ಕಳ ಮನೆಗಳಲ್ಲಿ ಈಗಲೂ ಇದ್ದಾರೆ. ಅವರಲ್ಲಿ ಒಬ್ಬರನ್ನು ಶನಿವಾರ ಶಾಲೆಗೆ ಕರೆಯಿರಿ.

ಬೆಂಕಿ ಹಾಕುವ ಮೊದಲು ಕತ್ತೆತ್ತಿ ನೋಡುವುದನ್ನೂ ಅಭ್ಯಾಸ ಮಾಡಿಸಿ. ಎರಡು ಕಾರಣಕ್ಕೆ. ಒಂದು, ಒಣಗಿ ನೇತಾಡುವ ಕೊಂಬೆ. ಎರಡು, ಹೆಜ್ಜೇನು. ದೊಡ್ಡ ಮರ, ಬಂಡೆಯ ಅಂಚು, ಶಾಲೆಯ ನೀರಿನ ಟ್ಯಾಂಕು, ಎಲ್ಲೆಲ್ಲೂ ಅದು ತಟ್ಟಿ ಕಟ್ಟುತ್ತದೆ. ಕೆಳಗಿನಿಂದ ಹೊಗೆ ಹೋದರೆ ಹಿಂಡೇ ಎದ್ದು ಬರುತ್ತದೆ. ಎದ್ದರೆ ಮುಖ ಮುಚ್ಚಿಕೊಂಡು ಓಡಬೇಕು, ಬಾಗಿಲು ಹಾಕುವ ಕೋಣೆಯೋ ವಾಹನವೋ ಸಿಗುವವರೆಗೆ ನಿಲ್ಲಬಾರದು. ನೀರಿಗೆ ಹಾರಿದರೆ ಮೇಲೆಯೇ ಕಾಯುತ್ತಿರುತ್ತವೆ. ಹಾವಿಗಿಂತ ಜಾಸ್ತಿ ನಾನು ಹೆದರುವುದು ಹೆಜ್ಜೇನಿಗೆ.

ಕತ್ತಿಯ ವಿಷಯಕ್ಕೆ ಬರುತ್ತೇನೆ.

ಮಕ್ಕಳಿಗೆ ಕತ್ತಿ ಕೊಡುವುದು ತಪ್ಪಲ್ಲ. ಒಂಬತ್ತನೇ ತರಗತಿ ಅಂದರೆ ಹದಿನಾಲ್ಕು ವರ್ಷ. ಆ ವಯಸ್ಸಿಗೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ, ತೋಟದಲ್ಲಿ ಸೊಪ್ಪು ಕಡಿಯುವ ಮಕ್ಕಳು ನಿಮ್ಮ ತರಗತಿಯಲ್ಲೇ ಎಷ್ಟೋ ಜನ ಇರುತ್ತಾರೆ. ತಪ್ಪು ಎಲ್ಲಿ ಆಯಿತು ಅಂತ ನಿಮ್ಮ ಪತ್ರದಲ್ಲೇ ಇದೆ: 18 ಮಕ್ಕಳು, ಒಬ್ಬರೇ ಟೀಚರು, ಮೊದಲ ದಿನವೇ ಚಾಕು. ನಾನು ಶಿಬಿರದಲ್ಲಿ ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರು ಇಲ್ಲದಿದ್ದರೆ ಚಾಕು ಹೊರಗೆ ತೆಗೆಯುವುದೇ ಇಲ್ಲ. ನಾನು ಎಷ್ಟು ವರ್ಷದ ಅನುಭವಿ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ನನಗೂ ಇರುವುದು ಎರಡೇ ಕಣ್ಣು.

ಗಾಯ ಆಗುವ ರೀತಿ ಯಾವಾಗಲೂ ಹೆಚ್ಚುಕಡಿಮೆ ಒಂದೇ. ಎಡಗೈಯಲ್ಲಿ ಕೋಲು ಹಿಡಿದಿರುತ್ತಾರೆ. ಹೆಬ್ಬೆರಳು ಚಾಕುವಿನ ಮುಂದೆ ಇರುತ್ತದೆ. ಕೋಲಿನಲ್ಲಿ ಒಂದು ಗಂಟು ಸಿಗುತ್ತದೆ. ಚಾಕು ನಿಲ್ಲುತ್ತದೆ. ಹುಡುಗ ಜಾಸ್ತಿ ಒತ್ತುತ್ತಾನೆ. ಗಂಟು ತಟ್ಟನೆ ಬಿಟ್ಟುಕೊಡುತ್ತದೆ, ಅಷ್ಟೂ ಬಲ ಬೆರಳಿನ ಮೇಲೆ ಬೀಳುತ್ತದೆ. ಚಾಕು ಮೊಂಡಾಗಿದ್ದರೆ ಇದು ಇನ್ನೂ ಬೇಗ ಆಗುತ್ತದೆ, ಏಕೆಂದರೆ ಮೊಂಡು ಚಾಕುವಿಗೆ ಒತ್ತಲೇಬೇಕು. ‘ಮಕ್ಕಳಿಗೆ ಹರಿತ ಇಲ್ಲದ ಚಾಕು ಕೊಡಿ’ ಅನ್ನುವುದು ಪ್ರೀತಿಯಿಂದ ಹೇಳುವ ಕೆಟ್ಟ ಸಲಹೆ. ಚೆನ್ನಾಗಿ ಮಸೆದ, ಮೂರು ಮೂರೂವರೆ ಇಂಚಿನ, ಮಡಚದೇ ಇರುವ, ತುದಿ ದುಂಡಗಿರುವ ಚಾಕು ಕೊಡಿ. ಮಡಚುವ ಚಾಕು ಬೆರಳಿನ ಮೇಲೇ ಮಡಚಿಕೊಳ್ಳಬಹುದು.

ಪಕ್ಕದಲ್ಲಿ ಕೂತಿದ್ದ ಆ ಇನ್ನೊಬ್ಬ ಹುಡುಗನನ್ನು ಒಂದು ದಿನ ಸುಮ್ನೆ ಕೂತು ನೋಡಿ. ಅವನು ಬಹುಶಃ ಕೋಲನ್ನು ಗಾಳಿಯಲ್ಲಿ ಹಿಡಿಯುವುದಿಲ್ಲ, ಒಂದು ಕೊರಡಿನ ಮೇಲೆ ಊರಿರುತ್ತಾನೆ. ಎಡಗೈ ಕತ್ತಿಯ ಹಿಂದೆ ಇರುತ್ತದೆ. ಗಂಟು ಸಿಕ್ಕರೆ ಒತ್ತುವುದಿಲ್ಲ, ಕೋಲು ತಿರುಗಿಸಿ ಇನ್ನೊಂದು ಕಡೆಯಿಂದ ಬರುತ್ತಾನೆ. ಕೇಳಿದರೆ ಅವನಿಗೇ ಹೇಳಲು ಗೊತ್ತಾಗಲಿಕ್ಕಿಲ್ಲ, ಅವನ ಅಪ್ಪನೂ ಹೇಳಿಕೊಟ್ಟಿರುವುದಿಲ್ಲ. ನೋಡಿ ನೋಡಿ ಬಂದದ್ದು. ಅವನ ಕೈ ಮಾಡುವುದನ್ನು ಮಾತಿಗೆ ಇಳಿಸುವುದು ನಿಮ್ಮ ಕೆಲಸ. ನೀವು ವಿಜ್ಞಾನದ ಟೀಚರು, ಕೋನ, ಬಲ, ಸನ್ನೆ ಎಲ್ಲ ನಿಮಗೆ ಗೊತ್ತು. ಅವನಿಗೆ ಕೈ ಇದೆ, ನಿಮಗೆ ಮಾತಿದೆ. ನೀವಿಬ್ಬರು ಸೇರಿದರೆ ಉಳಿದ 17 ಮಕ್ಕಳಿಗೆ ಒಳ್ಳೆಯ ಪಾಠ ಆಗುತ್ತದೆ.

ನಾನು ಪಾಲಿಸುವ ಕ್ರಮ ಹೇಳುತ್ತೇನೆ. ಮೊದಲ ಮೂರು ತರಗತಿ ಚಾಕುವೇ ಇಲ್ಲ. ತರಕಾರಿ ಸಿಪ್ಪೆ ತೆಗೆಯುವ ಪೀಲರ್, ಹಾಲುವಾಣದ ಹಸಿ ಕೋಲು. ಹಾಲುವಾಣ ಮೆತ್ತಗಿನ ಮರ, ತೋಟಗಳಲ್ಲಿ ಮರದ ಕೊಂಬೆ ಸವರಿದಾಗ ಬೇಕಾದಷ್ಟು ಸಿಗುತ್ತದೆ. ಮುಳ್ಳು ಮೊದಲು ನೀವೇ ತೆಗೆದುಕೊಡಿ. ಪೀಲರ್‌ನಲ್ಲಿ ಕೈ ‘ನನ್ನಿಂದ ಆಚೆಗೆ’ ಹೋಗುವುದನ್ನು ಕಲಿತ ಮೇಲೆ ಚಾಕು. ಚಾಕು ಒರೆಯಲ್ಲಿ ಇರುವಾಗಲೇ ಕೈ ಚಾಚಿ ಸುತ್ತ ತಿರುಗಬೇಕು, ಯಾರಿಗೂ ತಾಗದಿದ್ದರೆ ಮಾತ್ರ ಒರೆಯಿಂದ ತೆಗೆಯಬಹುದು. ತೊಡೆಯ ಮೇಲೆ ಕೋಲು ಇಟ್ಟು ಹೆರೆಯಬಾರದು. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಇದೆ, ಅಲ್ಲಿ ಆದ ಗಾಯ ಹೆಬ್ಬೆರಳಿನ ಗಾಯದಂತೆ ಅಲ್ಲ. ಮೊಣಕೈಯನ್ನು ಮೊಣಕಾಲಿನ ಮೇಲೆ ಊರಿ, ಕೆಲಸ ಕಾಲಿನಿಂದ ಆಚೆ ನಡೆಯಬೇಕು. ಎದ್ದು ನಿಂತರೆ ಚಾಕು ಒರೆಗೆ ಹೋಗಬೇಕು. ನಲವತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಗಾಯಗಳು ಆಗುವುದು ಕೈ ಸೋತ ಮೇಲೆ, ಮನಸ್ಸು ಊಟದ ಕಡೆ ಹೋದ ಮೇಲೆ.

ಇಷ್ಟೆಲ್ಲ ಮಾಡಿದರೂ ಗಾಯ ಆಗುತ್ತದೆ. ಸಣ್ಣದು, ಆದರೂ ಆಗುತ್ತದೆ. ಪೋಷಕರಿಗೆ ‘ಏನೂ ಆಗುವುದಿಲ್ಲ’ ಅಂತ ಮಾತು ಕೊಡಬೇಡಿ. ಏನು ಆಗಬಹುದು, ಆದರೆ ನಾವೇನು ಮಾಡುತ್ತೇವೆ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಗಾಡಿ ಯಾರದ್ದು ಅಂತ ಬರೆದು ಕೊಡಿ, ಒಪ್ಪಿಗೆಯ ಸಹಿ ತೆಗೆದುಕೊಳ್ಳಿ. ರಕ್ತ ಬಂದರೆ ಶುಭ್ರ ಬಟ್ಟೆ ಒತ್ತಿ ಹಿಡಿದು ಕೈ ಎತ್ತಿ, ಹತ್ತು ನಿಮಿಷ ತೆಗೆದು ನೋಡದೆ ಹಿಡಿದಿರಬೇಕು. ಪದೇ ಪದೇ ತೆಗೆದು ನೋಡಿದರೆ ಹೆಪ್ಪುಗಟ್ಟುವುದು ಪದೇ ಪದೇ ಕಿತ್ತುಹೋಗುತ್ತದೆ. ನಮ್ಮ ಕಡೆ ಕಾಫಿ ಪುಡಿ, ಅರಿಶಿನ, ಸುಣ್ಣ ತುಂಬುವ ರೂಢಿ ಇದೆ. ಆಳದ ಗಾಯಕ್ಕೆ ಅದು ಬೇಡ. ಹೊಲಿಗೆ ಹಾಕುವ ಮೊದಲು ಡಾಕ್ಟರು ಅದನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ, ಹುಡುಗನಿಗೆ ಎರಡು ಸಲ ನೋವು.

ಹಾವಿನ ಬಗ್ಗೆಯೂ ಇಷ್ಟು ತಿಳಿದಿರಲಿ. ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಮೂರೂ ಕೂಡದು. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಇಟ್ಟು, ಉಂಗುರ, ಬಳೆ ಬಿಚ್ಚಿ, ನಡೆಸದೆ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆ ಮಾಡಿ, ಅಥವಾ ಮೊದಲು ಸಿಕ್ಕ ಗಾಡಿ ಹತ್ತಿ. ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಮಲೆನಾಡಿನ ಕಾಡಿನಲ್ಲಿ ಇವುಗಳಲ್ಲದ ಮಂಡಲದ ಹಾವುಗಳೂ ಇವೆ, ಅವುಗಳ ವಿಷಕ್ಕೆ ಈ ಔಷಧಿ ತಯಾರಾದದ್ದಲ್ಲ. ಆದ್ದರಿಂದ ಕಣ್ಣಿಗೆ ಕಾಣದ ಜಾಗಕ್ಕೆ ಕೈ ಹಾಕಬಾರದು, ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಮೂರು ಹೆಜ್ಜೆಯೂ ಇಡಬಾರದು ಅನ್ನುವ ಎರಡು ಅಭ್ಯಾಸಗಳನ್ನು ಮೊದಲ ದಿನದಿಂದ ಕೂರಿಸಿ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಇದು ಅಷ್ಟು ಗಂಭೀರ ವಿಷಯ.

ಕಾಡಿನ ಸೊಪ್ಪು ತಿನ್ನಿಸುವ ಯೋಚನೆಯನ್ನು ಸ್ವಲ್ಪ ತಿರುಗಿಸಿಕೊಳ್ಳಿ. ವಿಡಿಯೊಗಳಲ್ಲಿ ಒಂದು ಪರೀಕ್ಷೆ ತೋರಿಸುತ್ತಾರೆ, ಎಲೆಯನ್ನು ತುಟಿಗೆ ಮುಟ್ಟಿಸು, ನಾಲಿಗೆಗೆ ಇಡು, ಕಾಯಿ, ಏನೂ ಆಗದಿದ್ದರೆ ತಿನ್ನು ಅಂತ. ಮಕ್ಕಳಿಗೆ ಇದನ್ನು ಹೇಳಲೇಬೇಡಿ. ಕೆಲವು ಅಣಬೆಗಳ ವಿಷ ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕಿಂತ ತಡವಾಗಿ ತೋರುತ್ತದೆ. ಅಷ್ಟರಲ್ಲಿ ಲಿವರ್ ಹಾಳಾಗಲು ಶುರುವಾಗಿರುತ್ತದೆ. ಹುಳ ತಿಂದ ಅಣಬೆ ಒಳ್ಳೆಯದು, ಬೆಳ್ಳಿ ಚಮಚ ಕಪ್ಪಾಗದಿದ್ದರೆ ಒಳ್ಳೆಯದು ಅನ್ನುವುದೂ ಸುಳ್ಳು. ಕಾಡುಹರಳಿನ ಬೀಜ ತಿಂದು ಶಾಲೆಯ ಮಕ್ಕಳು ಗುಂಪಾಗಿ ಆಸ್ಪತ್ರೆ ಸೇರುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಗುಲಗಂಜಿ ನೋಡಲು ಎಷ್ಟು ಚೆಂದ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಕಣಗಿಲೆಯ ಕಡ್ಡಿಯಲ್ಲಿ ಏನನ್ನೂ ಚುಚ್ಚಿ ಸುಡಬಾರದು. ಕಾಡುಗೇರಿನ ಜಾತಿಯ ಮರದ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಮೊದಲು ಇಂಥ ವಿಷದ ಗಿಡಗಳನ್ನು ಗುರುತಿಸಲು ಕಲಿಸಿ, ತಿನ್ನುವುದು ಆಮೇಲೆ.

ಆಮೇಲೆ ಅಂದರೂ ಊರಿನ ಮನೆಗಳಲ್ಲಿ ಬೇಯುವುದನ್ನು ಮಾತ್ರ, ಊರಿನ ಹಿರಿಯರೇ ಕಿತ್ತು ತಂದದ್ದನ್ನು ಮಾತ್ರ. ಒಂದೆಲಗ, ತಗಟೆ ಸೊಪ್ಪು, ಕೆಸು, ಕಳಲೆ ಸಾಕು. ಇವುಗಳಲ್ಲೇ ಎಷ್ಟು ವಿಜ್ಞಾನ ಇದೆ ನೋಡಿ. ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ, ಅದಕ್ಕೇ ಹೆಚ್ಚಿ ಎರಡು ಮೂರು ದಿನ ನೀರು ಬದಲಾಯಿಸುತ್ತಾ ನೆನೆಸುತ್ತಾರೆ. ಕೆಸುವಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳು ಇವೆ, ಅದಕ್ಕೇ ಹುಳಿ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಅಜ್ಜಿ ‘ಗಂಟಲು ತುರಿಸುತ್ತೆ’ ಅಂದದ್ದನ್ನು ನಿಮ್ಮ ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ತೋರಿಸಬಹುದು. ನೀರಿನದೂ ಹಾಗೆಯೇ. ಹರಿಯುವ ತೊರೆಯ ನೀರು ಶುದ್ಧ ಅನ್ನುವ ನಂಬಿಕೆ ಇದೆ, ಮೇಲಿನ ತಿರುವಿನಲ್ಲಿ ಏನು ಸತ್ತು ಬಿದ್ದಿದೆ ಅಂತ ಕೆಳಗಿನವರಿಗೆ ಹೇಗೆ ಗೊತ್ತು? ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಬೇಕು. ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ನಮ್ಮ ಮುಳ್ಳಯ್ಯನಗಿರಿಯೂ ಅಷ್ಟು ಎತ್ತರ ಇಲ್ಲ, ಹಾಗಾಗಿ ಕರ್ನಾಟಕದಲ್ಲಿ ಎಲ್ಲೇ ಇದ್ದರೂ ಒಂದು ನಿಮಿಷ ಸಾಕು.

ಸರ್ಟಿಫಿಕೇಟ್ ಬಗ್ಗೆ ಕೇಳಿದ್ದೀರಿ. ಒಂದೇ ಒಂದು ಕಡ್ಡಾಯ ಅಂತ ನಾನು ಹೇಳುವುದು ಪ್ರಥಮ ಚಿಕಿತ್ಸೆಯದ್ದು. ಸೇಂಟ್ ಜಾನ್ ಆಂಬುಲೆನ್ಸ್, ರೆಡ್ ಕ್ರಾಸ್ ಇಂಥ ತರಬೇತಿ ಕೊಡುತ್ತವೆ. ಅದನ್ನು ಮುಗಿಸದೆ ಮಕ್ಕಳ ಕೈಗೆ ಚಾಕು ಕೊಡಬೇಡಿ. ಉತ್ತರಕಾಶಿ, ಡಾರ್ಜಿಲಿಂಗ್‌ನ ಪರ್ವತಾರೋಹಣ ಸಂಸ್ಥೆಗಳ ಕೋರ್ಸುಗಳು ಬಹಳ ಒಳ್ಳೆಯವು. ಹಗ್ಗ, ಶಿಸ್ತು, ತಂಡ ನಡೆಸುವುದು ಎಲ್ಲ ಕಲಿಸುತ್ತವೆ. ಆದರೆ ಅಲ್ಲಿನ ಹಿಮ ಬೇರೆ, ಕೊಪ್ಪದ ಮಳೆ ಬೇರೆ. ಯೋಗ್ಯತೆಗೆ ನನ್ನದೊಂದು ಅಳತೆ ಇದೆ. ನೀವು ದಣಿದಿರುವಾಗ, ಮಳೆ ಬರುತ್ತಿರುವಾಗ, ಹತ್ತು ಸಲದಲ್ಲಿ ಒಂಬತ್ತು ಸಲ ಮಾಡಬಲ್ಲದ್ದನ್ನು ಮಾತ್ರ ಕಲಿಸಿ. ಉಳಿದದ್ದನ್ನು ಮಕ್ಕಳ ಜೊತೆ ಕೂತು ನೀವೂ ಕಲಿಯಿರಿ, ಅದನ್ನು ಅವರಿಗೆ ಹೇಳಿಯೇ ಕಲಿಯಿರಿ.

ಮುಂದಿನ ದಾರಿ ಯಾವುದು ಅಂದರೆ, ನಿಮ್ಮ ಮುಂದೆ ಮೂರು ಇವೆ. ಹೊರಗಿನಿಂದ ತರಬೇತುದಾರರನ್ನು ಕರೆಸಬಹುದು. ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯನ್ನು ವಿಚಾರಿಸಿ, ಖಾಸಗಿಯವರೂ ಇದ್ದಾರೆ. ಸುರಕ್ಷತೆ ಚೆನ್ನಾಗಿರುತ್ತದೆ, ಆದರೆ ಎರಡು ದಿನ ಬಂದು ಹೋದ ಮೇಲೆ ಮಕ್ಕಳ ಕೈಯಲ್ಲಿ ಉಳಿಯುವುದು ಫೋಟೊ ಮಾತ್ರ ಆಗುವ ಭಯ ಇದೆ. ಖಾಸಗಿಯವರಾದರೆ ನಾಲ್ಕು ಮಕ್ಕಳಿಗೆ ಒಬ್ಬರಂತೆ ಬರುತ್ತಾರಾ, ಪ್ರಥಮ ಚಿಕಿತ್ಸೆ ಕಲಿತವರು ಯಾರು ಅಂತ ಕೇಳದೆ ಒಪ್ಪಬೇಡಿ. ಎರಡನೆಯದು, ಶ‍ಾಲೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ದಳ ಶುರು ಮಾಡುವುದು. ಗಂಟು, ಡೇರೆ, ಅಡುಗೆ, ಪ್ರಥಮ ಚಿಕಿತ್ಸೆ ಕ್ರಮವಾಗಿ ಬರುತ್ತದೆ, ನಿಮಗೂ ತರಬೇತಿ ಸಿಗುತ್ತದೆ, ಹೆಡ್‌ಮಾಸ್ಟರಿಗೂ ಧೈರ್ಯ ಬರುತ್ತದೆ. ಸಮವಸ್ತ್ರ, ಪರೇಡಿನಲ್ಲೇ ವರ್ಷ ಕಳೆದುಹೋಗದಂತೆ ನೋಡಿಕೊಳ್ಳಬೇಕು, ಅಷ್ಟೇ. ಮೂರನೆಯದು, ಊರಿನವರನ್ನೇ ಗುರುಗಳಾಗಿ ಇಟ್ಟುಕೊಂಡು ನೀವೇ ನಿಧಾನವಾಗಿ ನಡೆಸುವುದು. ನನಗೆ ಇಷ್ಟವಾದದ್ದು ಇದು, ಎರಡನೆಯದರ ಜೊತೆ ಸೇರಿಸಿದರೆ ಇನ್ನೂ ಒಳ್ಳೆಯದು. ಇದರಲ್ಲೂ ತೊಂದರೆ ಇದೆ. ಹಿರಿಯರು ಕತ್ತಿಯನ್ನು ತಮ್ಮ ಕಡೆಗೇ ಎಳೆದು ಹೆರೆಯಬಹುದು, ಬರಿಗಾಲಿನಲ್ಲಿ ಓಡಾಡಬಹುದು. ಐವತ್ತು ವರ್ಷ ಪಳಗಿದ ಕೈಗೆ ಅದು ಸರಿ, ಮಕ್ಕಳಿಗೆ ಅಲ್ಲ. ಈ ವ್ಯತ್ಯಾಸವನ್ನು ಹಿರಿಯರ ಮರ್ಯಾದೆಗೆ ಕುಂದು ಬಾರದಂತೆ ಮಕ್ಕಳಿಗೆ ಹೇಳುವುದು ನಿಮಗೆ ಬರಬೇಕು.

ಜಾಗದ ವಿಷಯ. ಮೀಸಲು ಅರಣ್ಯಕ್ಕೆ ಹೋಗಬೇಡಿ. ಅಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ, ಮರ ಕಡಿಯುವುದೂ ಅಪರಾಧ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ನಾವೆಲ್ಲ ನೋಡಿದ್ದೇವೆ. ಶಾಲೆಯ ಅಂಗಳ, ಯಾರಾದರೂ ಪೋಷಕರ ಅಡಿಕೆ ತೋಟ ಸಾಕು. ಕೋಲು ಬೇಕಾದರೆ ಲಂಟಾನ ಕಡಿಯಿರಿ. ಅದು ಹೊರಗಿನಿಂದ ಬಂದು ನಮ್ಮ ಕಾಡನ್ನೇ ನುಂಗುತ್ತಿರುವ ಗಿಡ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಮೊದಲೆಲ್ಲ ಬೇಸಿಗೆ ಬಲಿಯುವ ಮುಂಚೆ ತಾವು ಹಾಕುತ್ತಿದ್ದ ಸಣ್ಣ ತರಗು ಬೆಂಕಿ ನಿಂತದ್ದರಿಂದಲೇ ಲಂಟಾನ ಇಷ್ಟು ಹಬ್ಬಿತು ಅನ್ನುತ್ತಾರೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಅದರಿಂದ ಕುರ್ಚಿ, ಬುಟ್ಟಿ, ಆಳೆತ್ತರದ ಆನೆಗಳನ್ನೇ ಮಾಡಿದ್ದಾರೆ. ತೋಟದ ಬೇಲಿಯಲ್ಲಿ ಇರುವುದನ್ನು ಎಷ್ಟು ಕಡಿದರೂ ಯಾರೂ ಬೇಡ ಅನ್ನುವುದಿಲ್ಲ.

ಕ್ಯಾಂಪನ್ನು ಡಿಸೆಂಬರಿನಿಂದ ಹಿಂದಕ್ಕೆ ತನ್ನಿ. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ ಚೆನ್ನ. ಮಳೆ ಇಳಿದಿರುತ್ತದೆ, ಇಂಬಳದ ಕಾಟ ಕಡಿಮೆಯಾಗಿರುತ್ತದೆ, ಉಣುಗಿನ ಕಾಲ ಇನ್ನೂ ಏರಿರುವುದಿಲ್ಲ. ಒಂದೇ ರಾತ್ರಿ, ಶಾಲೆಯಲ್ಲೇ. ಉದ್ದ ತೋಳಿನ ಅಂಗಿ, ಕಾಲ್ಚೀಲದೊಳಗೆ ಸೇರಿಸಿದ ಪ್ಯಾಂಟು. ಮನೆಗೆ ಹೋದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಆಮೇಲಿನ ಎರಡು ವಾರದಲ್ಲಿ ಯಾವ ಮಗುವಿಗಾದರೂ ಜೋರು ಜ್ವರ, ತಲೆನೋವು ಬಂದರೆ ಹೊರಗೆ ಮಲಗಿದ್ದ ವಿಷಯವನ್ನು ಡಾಕ್ಟರಿಗೆ ಹೇಳಿ ಅಂತ ಪೋಷಕರಿಗೆ ಚೀಟಿ ಕಳಿಸಿ. ಸುತ್ತಮುತ್ತ ಎಲ್ಲಾದರೂ ಮಂಗ ಸತ್ತು ಬಿದ್ದ ಸುದ್ದಿ ಬಂದರೆ ಕ್ಯಾಂಪು ರದ್ದು, ಆರೋಗ್ಯ ಕೇಂದ್ರಕ್ಕೆ ಫೋನು.

ಕೊನೆಗೆ ಆ ಹುಡುಗ. ಹೊಲಿಗೆ ಬಿಚ್ಚಿ ಬೆರಳು ಮಡಚಲು ಬಂದ ಮೇಲೆ ಅವನ ಮನೆಗೆ ಹೋಗಿ. ತಾಯಿಯ ಮುಂದೆ ಕೂತು, ಅವತ್ತು 18 ಮಕ್ಕಳಿಗೆ ನಾನೊಬ್ಬಳೇ ಇದ್ದೆ, ಅದು ನನ್ನ ತಪ್ಪು ಅಂತ ನೇರವಾಗಿ ಹೇಳಿ. ಅವರು ಬೈದರೆ ಕೇಳಿಸಿಕೊಳ್ಳಿ. ಮುಂದಿನ ಸಲ ಹೇಗೆ ಮಾಡುತ್ತೀರಿ ಅಂತ ವಿವರಿಸಿ, ಮೊದಲ ತರಗತಿಗೆ ಅವರನ್ನೇ ದೊಡ್ಡವರಲ್ಲಿ ಒಬ್ಬರಾಗಿ ಕೂರಲು ಕರೆಯಿರಿ. ಅವರು ಒಪ್ಪಿದರೆ ಹುಡುಗನನ್ನು ಆ ಇನ್ನೊಬ್ಬನ ಪಕ್ಕದಲ್ಲೇ ಕೂರಿಸಿ, ಕೈಗೆ ಒಂದು ಪೀಲರ್, ಗಂಟಿಲ್ಲದ ಹಾಲುವಾಣದ ಕೋಲು ಕೊಡಿ. ಜಾಸ್ತಿ ದಿನ ಬಿಡಬೇಡಿ. ಬೆರಳಿನ ಗಾಯ ಆರಿದ ಮೇಲೂ ಕೈಯಲ್ಲಿ ಹೆದರಿಕೆ ಉಳಿದುಬಿಡುತ್ತದೆ, ಹೆದರಿದ ಕೈಯೇ ಮತ್ತೆ ಜಾಸ್ತಿ ಒತ್ತುವುದು.